ವಾಡೆಯ ಮುಚ್ಚಳ ತೆಗೆದವರು ಯಾರು

ಹೊಳೆನರಸೀಪುರ
೧೨ ಜುಲೈ ೧೯೩೬

ಪೂಜ್ಯ ಅಪ್ಪಾಜಿಯವರಿಗೆ ನೀಲಾಂಬಿಕೆಯ ಶರಣು.

ಅಮ್ಮನ ಮಂಡಿನೋವು ಹೇಗಿದೆ? ಶಾಂತಳ ಕೆಮ್ಮು ನಿಂತಿತೇ? ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ‘ಆ ಹುಡುಗಿಯರಿಗೆ ದಿನವೆಲ್ಲ ಏನು ಪಾಠ ಹೇಳುತ್ತೀ’ ಎಂದು ಕೇಳಿದ್ದಿರಿ. ಹಾಸ್ಯಕ್ಕೇ ಕೇಳಿದ್ದರೂ ಸರಿ, ನಾನು ನಿಜವಾಗಿಯೇ ಹೇಳುತ್ತೇನೆ.

ನಮ್ಮ ಇಂಗ್ಲಿಷ್ ರೀಡರಿನಲ್ಲಿ ಗ್ರೀಸ್ ದೇಶದ ಒಂದು ಪುರಾಣಕಥೆಯಿದೆ. ಮನುಷ್ಯರು ಬೆಂಕಿ ಸಂಪಾದಿಸಿದರೆಂದು ದೇವತೆಗಳ ರಾಜನಿಗೆ ಸಿಟ್ಟು ಬರುತ್ತದೆ. ಅವನು ಪಂಡೋರ ಎಂಬ ಹೆಣ್ಣನ್ನು ಮಾಡಿಸಿ, ಕೈಗೊಂದು ಮುಚ್ಚಿದ ಗುಡಾಣ ಕೊಟ್ಟು ಭೂಮಿಗೆ ಕಳಿಸುತ್ತಾನೆ. ಗುಡಾಣವೆಂದರೆ ನಮ್ಮ ಮನೆಗಳಲ್ಲಿ ರಾಗಿ ತುಂಬಿಡುವ ವಾಡೆಯ ಹಾಗೆ ಎಂದು ಮಕ್ಕಳಿಗೆ ಹೇಳಿದೆ. ತೆಗೆಯಬೇಡ ಎಂದಿದ್ದರೂ ಅವಳು ಮುಚ್ಚಳ ತೆಗೆಯುತ್ತಾಳೆ. ರೋಗ, ಹಸಿವು, ಸಾವು ಎಲ್ಲ ಹಾರಿ ಹೊರಗೆ ಬರುತ್ತವೆ. ಅವಳು ಗಾಬರಿಯಿಂದ ಮುಚ್ಚಿದಾಗ ಒಳಗೆ ಉಳಿಯುವುದು ಆಸೆಯೊಂದೇ. ಪಾಠದ ಕೊನೆಯಲ್ಲಿ ನೀತಿ: ಹೆಣ್ಣುಮಕ್ಕಳು ಹೇಳಿದ ಮಾತು ಕೇಳಬೇಕು.

ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಹಾಸನದ ಟ್ರೈನಿಂಗ್ ಸ್ಕೂಲಿನಲ್ಲಿದ್ದಾಗ ಮಿಷನ್ನಿನ ಮಿಸ್ಸಮ್ಮ ಊರಿಗೆ ಹೋಗುವಾಗ ನನಗೊಂದು ಹಳೆಯ ಪುಸ್ತಕ ಕೊಟ್ಟುಹೋಗಿದ್ದರಲ್ಲ, ಅದರಲ್ಲಿ ಇದೇ ಕಥೆ ಬೇರೆ ರೀತಿ ಇದೆ. ಅದೂ ಆ ದೇಶದವರು ಬಹಳ ಹಿಂದೆ ಹೇಳಿದ್ದೇ. ಅದರಲ್ಲಿ ವಾಡೆಯೊಳಗೆ ಇದ್ದದ್ದು ಕೇಡಲ್ಲ, ಲೋಕದ ಒಳ್ಳೆಯದೆಲ್ಲ. ಅದನ್ನು ಕಾಯಲು ಕೊಟ್ಟದ್ದು ಒಬ್ಬ ಗಂಡಸಿಗೆ. ಅವನು ತಡೆಯಲಾರದೆ ಮುಚ್ಚಳ ಎತ್ತುತ್ತಾನೆ, ಒಳ್ಳೆಯದೆಲ್ಲ ಸ್ವರ್ಗಕ್ಕೆ ಹಾರಿಹೋಗುತ್ತದೆ. ಅಲ್ಲಿಯೂ ಉಳಿಯುವುದು ಆಸೆಯೊಂದೇ.

ಹುಡುಗಿಯರಿಗೆ ಸ್ಲೇಟಿನ ನಡುವೆ ಗೆರೆ ಎಳೆಸಿ, ಒಂದು ಕಡೆ ಆ ಕಥೆ, ಇನ್ನೊಂದು ಕಡೆ ಈ ಕಥೆ ಬರೆಸಿದೆ. ಯಾವುದು ಎರಡರಲ್ಲೂ ಇದೆ, ಯಾವುದು ಬದಲಾಗಿದೆ, ಬದಲಾಯಿಸಿದವರಿಗೆ ಏನು ಬೇಕಿತ್ತು ಎಂದು ಕೇಳಿದೆ. ಕ್ಲಾಸು ಸಂತೆಯಾಯಿತು. ಆಗ ಹಳೇಕೋಟೆ ಕಡೆಯ ಒಕ್ಕಲಿಗರ ಹುಡುಗಿ ಪುಟ್ಟತಾಯಮ್ಮ ಎದ್ದು ನಿಂತಳು. “ಅಮ್ಮಾವ್ರೇ, ಆ ವಾಡೆಗೆ ಕೇಡೆಲ್ಲಾನೂವೆ ತುಂಬ್ದೋರ್ ಯಾರು? ಮುಚ್ಚಳ ತಗ್ದೋಳ್ನ ಬೈತಾರೆ, ತುಂಬಿ ಕಳಿಸ್ದೋನ್ನ ಯಾರೂ ಏನೂ ಅನ್ನಾಕಿಲ್ವಲ್ಲ!” ಎಂದಳು. ಇಷ್ಟು ವರ್ಷ ಈ ಕಥೆ ಓದಿದ್ದೇನೆ, ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಆ ದಿನ ನನಗಾದ ಸಂತೋಷವನ್ನು ಹೇಗೆ ಬರೆಯಲಿ!

ಇನ್ನೊಂದು ಮಾತು. ಬರುವ ಬೇಸಿಗೆಗೆ ಶಾಂತಳಿಗೆ ಆರು ತುಂಬುತ್ತದೆ, ಸ್ಕೂಲಿಗೆ ಹಾಕಬೇಕು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯನ್ನು ಚನ್ನರಾಯಪಟ್ಟಣದ ತವರಿಗೆ ಕಳಿಸಿ ಮಗುವನ್ನು ನಿಮ್ಮಲ್ಲೇ ಇಟ್ಟುಕೊಂಡಿರಿ. ಹೆತ್ತವಳು ಮಗುವಿನ ಮುಖ ನೋಡದೆ ಮೂರು ವರ್ಷವಾಯಿತು. ಈ ಸಾಲು ಓದಿದ ಕೂಡಲೇ ನೀವು ಕಾಗದ ಮಡಿಸಿಡುತ್ತೀರಿ. ಗೊತ್ತಿದ್ದೇ ಬರೆದಿದ್ದೇನೆ.

ನಿಮ್ಮ ಮಗಳು
ನೀಲಾ

—

ಅರಕಲಗೂಡು
೩ ಆಗಸ್ಟ್ ೧೯೩೬

ಚಿ|| ನೀಲಾಂಬಿಕೆಗೆ ಪರಮಶಿವಯ್ಯನ ಆಶೀರ್ವಾದ.

ನಿನ್ನ ಸ್ಕೂಲಿನ ಕಮಿಟಿಯ ಅಧ್ಯಕ್ಷರು ಮೊನ್ನೆ ಮಗಳ ಮದುವೆಯ ಜವಳಿಗೆಂದು ನಮ್ಮ ಅಂಗಡಿಗೆ ಬಂದಿದ್ದರು. ಸೀರೆ ನೋಡುವುದು ಬಿಟ್ಟು ನಿನ್ನ ಪುರಾಣ ಬಿಚ್ಚಿದರು. ಹೆಣ್ಣುಮಕ್ಕಳಿಗೆ ನೀನು ಪುಸ್ತಕದಲ್ಲಿ ಇಲ್ಲದ್ದು ಹೇಳುತ್ತೀಯಂತೆ. ನಿನ್ನ ಕ್ಲಾಸಿನಲ್ಲಿರುವ ಅವರ ತಮ್ಮನ ಮಗಳು ಮನೆಗೆ ಬಂದು, ‘ಚಿಕ್ಕಮ್ಮ ಬಂದಮೇಲೇ ಎತ್ತು ಸತ್ತಿತು ಅನ್ನುತ್ತೀರಲ್ಲ, ಎತ್ತಿಗೆ ರೋಗ ಅದಕ್ಕೆ ಮುಂಚೆಯೇ ಇತ್ತು’ ಎಂದಳಂತೆ. ಗಿರಾಕಿಗಳ ಎದುರಿಗೆ ನಾನು ತಲೆ ತಗ್ಗಿಸಿ ಕೂತೆ. ನಲವತ್ತು ವರ್ಷದ ಅಂಗಡಿಯಲ್ಲಿ ನನಗೆ ಅಂಥ ದಿನ ಬಂದಿರಲಿಲ್ಲ.

ಗಂಡಸು ಮುಚ್ಚಳ ತೆಗೆದನಂತೆ! ನೀನು ಯಾವ ದೇಶದ ಕಥೆಯನ್ನಾದರೂ ಹೇಳು, ಕಲ್ಲು ಬೀಳುತ್ತಿರುವುದು ಯಾರ ಮನೆ ಮೇಲೆ ಎಂದು ನನಗೆ ತಿಳಿಯುವುದಿಲ್ಲವೇ? ಸೊಸೆಯ ಮಾತು ಎತ್ತಿದ್ದೀಯೆ, ಕೇಳು. ಮದುವೆಯಾಗಿ ಮನೆ ತುಂಬುವ ದಿನ ಹೊಸ್ತಿಲ ಮೇಲೆ ಸೇರಕ್ಕಿ ಇಟ್ಟಿದ್ದೆವು. ಬಲಗಾಲಿನಲ್ಲಿ ಒದ್ದು ಬರಬೇಕಾದವಳು ಎಡಗಾಲಿನಲ್ಲಿ ಒದ್ದಳು. ನಾನು ಕಣ್ಣಾರೆ ಕಂಡೆ. ವರ್ಷ ತುಂಬುವುದರೊಳಗೆ ಅಂಗಡಿಗೆ ಬೆಂಕಿ ಬಿತ್ತು. ಆಮೇಲೆ ನಿಮ್ಮಮ್ಮ ಹಾಸಿಗೆ ಹಿಡಿದು ಎದ್ದಳು. ಕೊನೆಗೆ ನನ್ನ ಚಂದ್ರಶೇಖರ, ಇಪ್ಪತ್ತಾರು ವರ್ಷದ ಹುಡುಗ, ವಿಷಮಜ್ವರದಲ್ಲಿ ಹೋದ. ಕಾಲ್ಗುಣ ಇಲ್ಲ ಎಂದು ನಾಲ್ಕು ಇಂಗ್ಲಿಷ್ ಪುಸ್ತಕ ಓದಿದವಳು ಹೇಳಬಹುದು. ಅಂಗಡಿಯ ಬೆಂಕಿ ಕಂಡವನು, ಮಗನಿಗೆ ಮಣ್ಣು ಕೊಟ್ಟವನು ನಾನು.

ಅಧ್ಯಕ್ಷರು ಒಳ್ಳೆಯವರು. ‘ಎರಡನೆಯ ಕಥೆ ಸುಳ್ಳು ಎಂದು ಕ್ಲಾಸಿನಲ್ಲಿ ಒಂದು ಮಾತು ಹೇಳಿಬಿಡಲಿ, ಸಾಕು’ ಎಂದಿದ್ದಾರೆ. ಹೇಳಿಬಿಡು. ನಾಲಿಗೆ ಸವೆಯುವುದಿಲ್ಲ. ಮಗು ನನ್ನ ಮೊಮ್ಮಗಳು, ಇಲ್ಲಿಯೇ ಇರುತ್ತದೆ.

ಪರಮಶಿವಯ್ಯ

—

ಹೊಳೆನರಸೀಪುರ
೯ ಆಗಸ್ಟ್ ೧೯೩೬

ಅಪ್ಪಾಜಿಯವರಿಗೆ ಶರಣು.

ನಾನು ಕುಂಬಳಕಾಯಿ ಕಳ್ಳ ಎಂದೆ, ನೀವು ಹೆಗಲು ಮುಟ್ಟಿ ನೋಡಿಕೊಂಡಿರಿ. ಗ್ರೀಸ್ ದೇಶದ ಕಥೆ ಹೇಳುವಾಗ ನನಗೆ ನಿಮ್ಮ ನೆನಪು ಇರಲಿಲ್ಲ. ಈಗ ಇದೆ.

ಅಣ್ಣ ಹೋದ ದುಃಖ ನಿಮಗೊಬ್ಬರಿಗೇ ಎಂದು ಬರೆಯಬೇಡಿ. ನನ್ನನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಡುತ್ತಿದ್ದವನು ಅವನು. ಅವನು ಸತ್ತದ್ದು ಜ್ವರದಿಂದ. ಆ ವರ್ಷ ನಮ್ಮ ಬೀದಿಯಲ್ಲೇ ಇನ್ನೂ ಇಬ್ಬರು ಅದೇ ಜ್ವರದಲ್ಲಿ ಹೋದರು. ಅತ್ತಿಗೆ ಅವರ ಮನೆಗೂ ಎಡಗಾಲಿಟ್ಟು ಹೋಗಿದ್ದರೇ? ಅಂಗಡಿಗೆ ಬೆಂಕಿ ಬಿದ್ದದ್ದು ಯಾರೋ ಬೀಡಿ ಎಸೆದು ಎಂದು ಆಗ ನೀವೇ ಹೇಳುತ್ತಿದ್ದಿರಿ. ಅಣ್ಣ ಸಾಯುವವರೆಗೂ ಅದು ಬೀಡಿಯ ಬೆಂಕಿಯಾಗಿತ್ತು. ಅವನು ಸತ್ತ ಮೇಲೆ ಅದೇ ಬೆಂಕಿ ಅತ್ತಿಗೆಯ ಕಾಲಿನದಾಯಿತು. ಒಂದೇ ಬೆಂಕಿಗೆ ನೀವೇ ಎರಡು ಕಥೆ ಹೇಳಿದ್ದೀರಿ, ಅಪ್ಪಾಜಿ. ನಾನು ಕ್ಲಾಸಿನಲ್ಲಿ ಕೇಳುವ ಪ್ರಶ್ನೆಯನ್ನೇ ನಿಮಗೂ ಕೇಳುತ್ತೇನೆ: ಕಥೆ ಬದಲಾಯಿಸಿದಾಗ ನಿಮಗೆ ಏನು ಬೇಕಿತ್ತು?

ಎರಡನೆಯ ಕಥೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಕೆಲಸ ಹೋದರೆ ಹೋಗಲಿ.

ನೀಲಾ

—

ಹೊಳೆನರಸೀಪುರ
೧ ನವೆಂಬರ್ ೧೯೩೬

ಪ್ರೀತಿಯ ಅತ್ತಿಗೆ ಶಿವಗಂಗಮ್ಮನವರಿಗೆ ನೀಲಾ ಮಾಡುವ ನಮಸ್ಕಾರ.

ದಸರಾ ರಜಕ್ಕೆ ಅರಕಲಗೂಡಿಗೆ ಹೋಗಿದ್ದೆ. ಅಪ್ಪಾಜಿ ನನ್ನೊಡನೆ ಮಾತಾಡಲಿಲ್ಲ. ಏನಾದರೂ ಹೇಳಬೇಕಾದರೆ ಎದುರಿಗಿದ್ದ ಕಂಬಕ್ಕೆ ಹೇಳುತ್ತಿದ್ದರು. ಶಾಂತ ಚೆನ್ನಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ. ಕಣ್ಣು ಅಣ್ಣನದು, ಹಟ ಮಾತ್ರ ಯಾರದೆಂದು ನಾನು ಹೇಳಬೇಕಾಗಿಲ್ಲ. ಅವಳಿಗೆ ನಿಮ್ಮ ಸುದ್ದಿ ಹೇಳಿದೆ. “ಅಮ್ಮ ಎಷ್ಟುದ್ದ ಅವ್ರೆ?” ಎಂದು ಕೇಳಿದಳು. ಬಾಗಿಲ ಚಿಲಕದಷ್ಟು ಎಂದೆ. ಅಲ್ಲಿಂದಾಚೆಗೆ ಹೋಗುತ್ತಾ ಬರುತ್ತಾ ಚಿಲಕ ನೋಡುತ್ತಿದ್ದಳು.

ಅಲ್ಲಿ ನಾನು ಒಂದು ಕೆಲಸ ಮಾಡಿದೆ. ನೀವು ಮನೆ ತುಂಬಿದ ದಿನ ನಾನು ಹಾಸನದಲ್ಲಿದ್ದೆ, ಕಂಡಿಲ್ಲ. ಆದ್ದರಿಂದ ಕಂಡವರನ್ನೆಲ್ಲ ಕೇಳಿದೆ. ಅಪ್ಪಾಜಿ ಎಡಗಾಲು ಎನ್ನುತ್ತಾರೆ. ಅಮ್ಮನನ್ನು ಕೇಳಿದರೆ, “ಆರತಿ ತಟ್ಟೆ ಹಿಡ್ಕೊಂಡಿದ್ದೆ ಕಣೇ, ಕರ್ಪೂರದ ಹೊಗೆ ಕಣ್ಣಿಗೆ ಹೋಗಿತ್ತು, ಅವಳ ಕಾಲು ನೋಡ್ಲಾ, ನನ್ನ ಕಣ್ಣು ನೋಡ್ಕೊಳ್ಲಾ?” ಎಂದರು. ಸೋದರತ್ತೆ ಬಲಗಾಲು ಎಂದು ಲಿಂಗ ಮುಟ್ಟಿ ಹೇಳಿದರು, ಆದರೆ ಅವರಿಗೂ ಅಪ್ಪಾಜಿಗೂ ಆಗುವುದಿಲ್ಲ. ಕೆಲಸದ ಮುದ್ದಮ್ಮ ಬೆಳಿಗ್ಗೆ ಕೇಳಿದಾಗ, “ಆ ಯಮ್ಮ ಒದೀನೇ ಇಲ್ಲ ಕಣವ್ವ, ನಿಮ್ಮಣ್ಣಯ್ಯನೋರ ಪಂಚೆ ತಗುಲ್ಕಂಡು ಸೇರು ಮದ್ಲೇ ಉಳ್ಳೋಗಿತ್ತು” ಎಂದಳು. ಸಂಜೆ ಕೇಳಿದಾಗ, “ಅಂಗಂದ್ನಾ? ನಾನು ಆವತ್ತು ಹಿತ್ತಲಲ್ಲಿದ್ದೆ ಕಣವ್ವ” ಎಂದಳು.

ನಾಲ್ಕು ಜನ, ಐದು ಕಥೆ! ನನಗೆ ಎಷ್ಟು ಉತ್ಸಾಹ ಬಂದಿದೆ ಎಂದರೆ, ನೀವೊಂದು ಮಾತು ಬರೆದರೆ ಸಾಕು, ಎಲ್ಲ ಒಟ್ಟಿಗಿಟ್ಟು ಅಪ್ಪಾಜಿಯ ಬಾಯಿ ಮುಚ್ಚಿಸುತ್ತೇನೆ. ಹೇಳಿ ಅತ್ತಿಗೆ, ಅದು ಬಲಗಾಲೇ ತಾನೇ?

ನಿಮ್ಮ
ನೀಲಾ

—

ಚನ್ನರಾಯಪಟ್ಟಣ
೨೩ ನವೆಂಬರ್ ೧೯೩೬

ನೀಲಾಗೆ ಶಿವಗಂಗಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೋರ್ಟು ನಡೆಸಿದ್ದೀಯೆ. ಸಾಕ್ಷಿ ಕರೆಸಿದ್ದೀಯೆ, ಕೆಲಸದವಳನ್ನು ಎರಡು ಸಲ ಕೇಳಿದ್ದೀಯೆ. ಈಗ ಕಳ್ಳಿಯನ್ನು ಕಟಕಟೆಗೆ ಕರೆದು ಯಾವ ಕಾಲು ಹೇಳು ಎನ್ನುತ್ತಿದ್ದೀಯೆ. ಮಾವನವರು ಕೇಳದೆ ಶಿಕ್ಷೆ ಕೊಟ್ಟರು, ನೀನು ಕೇಳಿ ಬಿಡುಗಡೆ ಮಾಡುತ್ತೀಯೆ. ನನಗೆ ಎರಡೂ ಬೇಡ.

ಯಾವ ಕಾಲು ಎಂದು ನನಗೆ ಚೆನ್ನಾಗಿ ಗೊತ್ತು. ಹೇಳುವುದಿಲ್ಲ. ಬಲಗಾಲು ಎಂದು ಬರೆದೆ ಎಂದಿಟ್ಟುಕೋ. ಆಗ ಏನಾಯಿತು? ಎಡಗಾಲಿಟ್ಟವಳ ಗಂಡ ಸಾಯುತ್ತಾನೆ ಎಂಬುದನ್ನು ನಾನೂ ಒಪ್ಪಿದ ಹಾಗಾಯಿತು. ನಾಳೆ ಇನ್ನೊಬ್ಬ ಹುಡುಗಿ, ಬಾಸಿಂಗ ಕಟ್ಟಿಸಿಕೊಂಡು ಮೂರು ದಿನ ನಿದ್ದೆಯಿಲ್ಲದೆ ಬಂದವಳು, ಹೊಸ್ತಿಲಲ್ಲಿ ತಡವರಿಸಿ ನಿಜವಾಗಿಯೂ ಎಡಗಾಲಿಟ್ಟರೆ, ಅವಳ ಮಗುವನ್ನು ಕಿತ್ತುಕೊಳ್ಳಬಹುದೋ? ನಿನ್ನ ಕ್ಲಾಸಿನ ಹಳೇಕೋಟೆ ಹುಡುಗಿ ಕೇಳಿದ ಮಾತನ್ನು ನೀನೇ ನನಗೆ ಹಿಂದೊಂದು ಕಾಗದದಲ್ಲಿ ಸಂತೋಷಪಟ್ಟು ಬರೆದಿದ್ದೆ. ಅವಳು ಮುಚ್ಚಳ ಯಾರು ತೆಗೆದರು ಎಂದು ಕೇಳಲಿಲ್ಲ, ತಿಳಿಯಿತೇ? ಆ ಹುಡುಗಿ ನಿನಗಿಂತ ಜಾಣೆ.

ನಿನ್ನ ಅಣ್ಣ ನನಗೆ ಗಂಡ. ಜ್ವರದಲ್ಲಿ ನೀರು ನೀರು ಎಂದವರಿಗೆ ಬಟ್ಟೆ ಅದ್ದಿ ತುಟಿಗೆ ಒತ್ತಿದವಳು ನಾನು. ಅವರು ಹೋದಾಗ ನನಗೆ ಅಳಲೂ ಬಿಡಲಿಲ್ಲ, ನನ್ನ ಅಳುವೂ ಅಪಶಕುನವಾಯಿತು. ಆ ಮನೆಯಲ್ಲಿ ಇಷ್ಟು ವರ್ಷ ಎಲ್ಲರೂ ನನ್ನ ಕಾಲಿನ ಬಗ್ಗೆ ಮಾತಾಡಿದ್ದೀರಿ. ನಿನಗೆ ಮಗು ಬೇಕೇ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ನೀನೂ ಕೇಳಲಿಲ್ಲ.

ನನಗೆ ಶಾಂತ ಬೇಕು.

ಅವಳ ಹಲ್ಲು ಬಿದ್ದ ಸುದ್ದಿ ಬರೆದೆಯಲ್ಲ, ಅದನ್ನು ಮಾತ್ರ ದಿನಾ ಓದುತ್ತೇನೆ. ಇಲ್ಲಿ ನಮ್ಮಣ್ಣನ ಮನೆಯಲ್ಲಿ ರವಿಕೆ ಹೊಲಿದುಕೊಂಡು ಇದ್ದೇನೆ, ಕೆಟ್ಟದಾಗಿಯೇನೂ ಇಲ್ಲ.

ಶಿವಗಂಗಮ್ಮ

—

ಹೊಳೆನರಸೀಪುರ
೨೭ ಡಿಸೆಂಬರ್ ೧೯೩೬

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನೀವು ಬೈದದ್ದು ಸರಿ. ಇನ್ನು ಮೇಲೆ ಆ ಕಾಲಿನ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಇಲ್ಲಿಯ ಸುದ್ದಿ ಕೇಳಿ, ಸ್ವಲ್ಪ ನಗುವಿರಂತೆ. ಕಮಿಟಿಯವರು ನನ್ನನ್ನು ಕರೆಸಿ, ಎರಡನೆಯ ಕಥೆ ಸುಳ್ಳು ಎಂದು ಅವರ ಎದುರಿಗೇ ಕ್ಲಾಸಿನಲ್ಲಿ ಹೇಳಬೇಕೆಂದು ಅಪ್ಪಣೆ ಮಾಡಿದರು. ಅಧ್ಯಕ್ಷರು ಜರಿಪೇಟ ಸುತ್ತಿ ಬಂದು ಕುರ್ಚಿಯಲ್ಲಿ ಕೂತರು. ನಾನು ಹುಡುಗಿಯರಿಗೆ ಹೇಳಿದೆ: “ಮಕ್ಕಳೇ, ಎರಡನೆಯ ಕಥೆ ಸುಳ್ಳು ಎಂದು ಹೇಳಬೇಕೆಂದು ಇವರು ನನಗೆ ಹೇಳಿದ್ದಾರೆ.” ಪುಟ್ಟತಾಯಮ್ಮ ಮತ್ತೆ ಎದ್ದಳು. “ಅಂಗಾದ್ರೆ ಮದಲ್ನೇದು ದಿಟವಾ ಅಮ್ಮಾವ್ರೇ?” ಎಂದಳು. “ಹಾಗೆಂದು ಹೇಳಲು ಇವರು ಹೇಳಿಲ್ಲ” ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇಡೀ ಕ್ಲಾಸು ನಕ್ಕಿತು. ಅಧ್ಯಕ್ಷರು ಎದ್ದು ಹೋದರು.

ವಾರದಲ್ಲಿ ಇಲಾಖೆಯಿಂದ ಆರ್ಡರು ಬಂತು. ನನಗೆ ಬುದ್ಧಿ ಬರಲಿ ಎಂದು ಬೇರೆ ಊರಿಗೆ ವರ್ಗ ಮಾಡಿದ್ದಾರೆ. ಯಾವ ಊರು ಗೊತ್ತೇ? ಚನ್ನರಾಯಪಟ್ಟಣ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸಂಕ್ರಾಂತಿ ಮುಗಿಸಿ ಬರುತ್ತೇನೆ. ಎರಡು ಕೋಣೆಯ ಮನೆಯೊಂದನ್ನು ಬಾಡಿಗೆಗೆ ನೋಡಿಡಿ. ನಾನೊಬ್ಬಳಿಗಲ್ಲ. ನೀವೂ ನನ್ನೊಡನೆ ಇರಬೇಕು. ಮೂರನೆಯವಳಿಗೂ ಜಾಗ ಬೇಕು.

ಈ ಸ್ಕೂಲಿನಲ್ಲಿ ನನ್ನ ಕೊನೇ ದಿನ ಪುಟ್ಟತಾಯಮ್ಮನ ತಂದೆ ಕೃಷ್ಣಪ್ಪನವರು ಬಂದಿದ್ದರು. ಬೈಯಲು ಬಂದರೇನೋ ಎಂದುಕೊಂಡೆ. ತಲೆ ಕೆರೆದುಕೊಂಡು, “ನಮ್ಮುಡ್ಗಿ ಮನೇಲಿ ಒಂದ್ ಮಾತಾಡಾಕ್ ಬುಡಾಕಿಲ್ಲ, ಎಲ್ಲಾದಕ್ಕೂ ಇನ್ನೊಂದ್ ಕತೆ ಐತಾ ಅಂತ ಕೇಳ್ತಾಳೆ” ಎಂದರು. ಸ್ಕೂಲು ಬಿಡಿಸುತ್ತೀರಾ ಎಂದೆ. “ಬುಡ್ಸಿದ್ರೆ ಮನೇಲೇ ಇರ್ತಾಳಲ್ಲವ್ವ, ಅದ್ ಇನ್ನೂ ಕಷ್ಟ” ಎಂದು ನಕ್ಕು ಹೋದರು.

ನೀಲಾ

—

ಅರಕಲಗೂಡು
೧೮ ಫೆಬ್ರವರಿ ೧೯೩೭

ಚಿ|| ನೀಲಾಂಬಿಕೆಗೆ.

ಇಬ್ಬರೂ ಒಂದೇ ಮನೆ ಮಾಡಿದ್ದೀರೆಂದು ಊರೆಲ್ಲ ಹೇಳಿದ ಮೇಲೆ ನನಗೆ ತಿಳಿಯಿತು. ಸಂತೋಷ. ಶಾಂತಳನ್ನು ಅಲ್ಲಿಯ ಸ್ಕೂಲಿಗೆ ಹಾಕುತ್ತೇನೆಂದು ಬರೆದಿದ್ದೀಯೆ. ನಿನ್ನನ್ನು ಓದಿಸಿದೆ, ಈಗ ನೀನು ನನಗೇ ಪರೀಕ್ಷೆ ಕೊಡುತ್ತೀಯೆ. ಇನ್ನೊಬ್ಬಳನ್ನು ಓದಿಸಿ ಮುದಿವಯಸ್ಸಿನಲ್ಲಿ ಇಬ್ಬರ ಕೈಯಲ್ಲಿ ಫೇಲಾಗುವ ಆಸೆ ನನಗಿಲ್ಲ. ಮಗು ಮನೆಯಲ್ಲೇ ನಾಲ್ಕಕ್ಷರ ಕಲಿಯುತ್ತದೆ.

ಬೀಡಿಯ ಬೆಂಕಿಯ ಬಗ್ಗೆ ನೀನು ಬರೆದದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಈಗಲೂ ಕೊಡುವುದಿಲ್ಲ. ಮಗ ಸತ್ತಾಗ ಮನುಷ್ಯನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಾಗುತ್ತದೆ, ಅದು ನಿನ್ನ ಪುಸ್ತಕದಲ್ಲಿ ಇರುವುದಿಲ್ಲ.

ಪರಮಶಿವಯ್ಯ

—

ಅರಕಲಗೂಡು
೨ ಮೇ ೧೯೩೭

ಚಿ|| ನೀಲಾಂಬಿಕೆಗೆ ಆಶೀರ್ವಾದ.

ನೀನು ಬೇಸಿಗೆ ತರಬೇತಿಗೆ ಹಾಸನಕ್ಕೆ ಹೋಗಿದ್ದೀಯೆ ಎಂದು ತಿಳಿದು ಅಲ್ಲಿಗೇ ಬರೆಯುತ್ತಿದ್ದೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಡೆದದ್ದನ್ನು ನನ್ನಿಂದಲೇ ತಿಳಿದುಕೋ.

ನಿನ್ನ ಅತ್ತಿಗೆ ಒಂದು ಕಾರ್ಡು ಹಾಕಿದ್ದಳು: ‘ಗುರುವಾರ ಬರುತ್ತೇನೆ, ಶಾಂತಳನ್ನು ಕರೆದುಕೊಂಡು ಹೋಗುತ್ತೇನೆ.’ ಅಷ್ಟೇ. ನಾನು ಯೋಚನೆ ಮಾಡಿದೆ. ಮಠದ ಅಯ್ಯನವರನ್ನು ಕೇಳಿದೆ. ಹೊಸ್ತಿಲು ತೊಳೆಸಿ, ರಂಗೋಲಿ ಹಾಕಿಸಿ, ಹಿತ್ತಾಳೆ ಸೇರಿನಲ್ಲಿ ಅಕ್ಕಿ ತುಂಬಿಸಿ ಇಟ್ಟೆ. ಗಂಡ ಹೋದವಳಿಗೆ ಸೇರಕ್ಕಿಯೇ ಎಂದು ಬೀದಿಯವರು ಮೂಗು ಮುರಿದರು. ನನ್ನ ಮನೆ, ನನ್ನ ಸೊಸೆ, ನಿಮಗೇನು ಎಂದೆ. ಹಳೆಯದನ್ನು ಅಳಿಸಿ, ಬಲಗಾಲಿಟ್ಟು ಒಳಗೆ ಬರಲಿ, ಮಗುವಿನ ಜೊತೆ ಇದೇ ಮನೆಯಲ್ಲಿ ಇರಲಿ ಎಂಬುದು ನನ್ನ ಇಷ್ಟ. ಯಾವ ಮಾವ ಇಷ್ಟು ಮಾಡುತ್ತಾನೆ?

ಅವಳು ಒಳಗೆ ಬರಲಿಲ್ಲ. ಬೀದಿಯಲ್ಲೇ ನಿಂತಳು. ನಾಲ್ಕು ಜನರ ಎದುರಿಗೆ ನನ್ನ ಮಾತು ಬಿತ್ತು. ಆದರೂ ನಾನು ಸಣ್ಣತನ ಮಾಡಲಿಲ್ಲ. ಮಗುವಿನ ಕೈ ಹಿಡಿದು, ಹೊಸ್ತಿಲು ದಾಟಿಸಿ, ನನ್ನ ಕೈಯಾರೆ ತಾಯಿಗೆ ಒಪ್ಪಿಸಿದೆ. ಪರಮಶಿವಯ್ಯ ಮಗುವನ್ನು ಕೊಟ್ಟ ಎಂದು ಊರು ಹೇಳುತ್ತಿದೆ. ನೀನೂ ಹಾಗೆಯೇ ತಿಳಿ.

ಮನೆಯಲ್ಲಿ ಸದ್ದಿಲ್ಲ. ನಿಮ್ಮಮ್ಮ ಅಡುಗೆಗೆ ಅಳತೆ ತಪ್ಪಿ ಮೂರು ಜನರಿಗೆಂದೇ ಮಾಡುತ್ತಾಳೆ.

ಪರಮಶಿವಯ್ಯ

—

ಚನ್ನರಾಯಪಟ್ಟಣ
೪ ಮೇ ೧೯೩೭

ನೀಲಾಗೆ ಆಶೀರ್ವಾದ.

ಶಾಂತ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ. ಮೊಣಕಾಲು ಜೋಮು ಹಿಡಿದಿದೆ, ಏಳುವ ಮನಸ್ಸಿಲ್ಲ. ಹೀಗೇ ಬರೆಯುತ್ತೇನೆ, ಅಕ್ಷರ ಸೊಟ್ಟ ಇದ್ದರೆ ಬೈಯಬೇಡ.

ನಮ್ಮಣ್ಣ ಚನ್ನಬಸವಯ್ಯ ಜೊತೆಗೆ ಬರುತ್ತೇನೆಂದ, ಬೇಡವೆಂದೆ. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ ಒಬ್ಬಳೇ ಹೋದೆ. ಬೀದಿ ತಿರುಗುತ್ತಲೇ ಜನ ಕಂಡರು. ಹೊಸ್ತಿಲ ಮೇಲೆ ಸೇರು, ತುಂಬ ಅಕ್ಕಿ, ಮೇಲೊಂದು ಅಚ್ಚು ಬೆಲ್ಲ. ಮಾವನವರು ಜರಿಪೇಟ ಕಟ್ಟಿ ನಿಂತಿದ್ದರು. “ಹಳೇದೆಲ್ಲ ಹೋಗ್ಲಮ್ಮ. ಇವತ್ತು ಬಲಗಾಲಿಟ್ಟು ಒಳಕ್ಕೆ ಬಾ. ಮಗು ಜೊತೆ ಇಲ್ಲೇ ಇರು” ಎಂದರು. ಅವರ ದನಿ ನಡುಗುತ್ತಿತ್ತು. ಅವರು ಕೆಟ್ಟವರಲ್ಲ ನೀಲಾ, ಅದು ನನಗೂ ಗೊತ್ತು.

ನಿಜ ಹೇಳುತ್ತೇನೆ. ನನ್ನ ಕಾಲು ಎದ್ದಿತು. ಒಳಗಿನಿಂದ ಅತ್ತೆ ಹುರಿಯುತ್ತಿದ್ದ ಹುರುಳಿಯ ವಾಸನೆ ಬರುತ್ತಿತ್ತು. ನಿನ್ನ ಅಣ್ಣ ಕೂರುತ್ತಿದ್ದ ಜಗಲಿ ಹಾಗೇ ಇತ್ತು. ಹೋಗಿಬಿಡೋಣ ಎನಿಸಿತು, ಒಂದು ಹೆಜ್ಜೆ ತಾನೇ. ಆಮೇಲೆ ಹೊಳೆಯಿತು: ಈಗ ಬಲಗಾಲು ಇಟ್ಟರೆ, ಆವತ್ತು ಎಡಗಾಲು ಇಟ್ಟಿದ್ದೆ ಎಂದು ಇಡೀ ಬೀದಿಗೆ ನಾನೇ ಹೇಳಿದ ಹಾಗೆ. ನಿನ್ನ ಅಣ್ಣನನ್ನು ನಾನೇ ಕೊಂದೆ ಎಂದು ಸಹಿ ಹಾಕಿದ ಹಾಗೆ. ಎತ್ತಿದ ಕಾಲನ್ನು ಬೀದಿಯಲ್ಲೇ ಊರಿದೆ.

“ಮಾವಾ, ನಾನು ಒಳಕ್ಕೆ ಬರೋಕೆ ಬಂದಿಲ್ಲ. ಮಗು ಕರ್ಕೊಂಡೋಗಕ್ಕೆ ಬಂದಿದೀನಿ” ಎಂದೆ. ಯಾರೋ, “ಎಂಥಾ ಗಯ್ಯಾಳಿ” ಎಂದರು. ಹೌದು ಎಂದೆ. ಮಾವನವರು ಬಾಗಿಲಿಗೆ ಅಡ್ಡ ನಿಂತೇ ಇದ್ದರು. ಒಳಗಿನಿಂದ ಅತ್ತೆ, “ದಾರಿ ಬಿಡಿ ಅಂದ್ರೆ” ಎಂದರು. ಇಷ್ಟು ವರ್ಷದಲ್ಲಿ ಅವರು ಗಂಡನಿಗೆ ಅಷ್ಟು ಜೋರಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ಪಕ್ಕಕ್ಕೆ ಸರಿದರು. ನಾನು ಸೇರಿನ ಮೇಲಿಂದ ಕೈ ಚಾಚಿ, ಅವರ ಕೈ ಹಿಡಿದು ನಿಂತಿದ್ದ ಶಾಂತಳನ್ನು ಎತ್ತಿಕೊಂಡೆ. ಅವರೇನೋ ಹೇಳುತ್ತಿದ್ದರು, ನನಗೆ ಕೇಳಲಿಲ್ಲ. ಬಸ್ಸು ಹತ್ತುವವರೆಗೆ ಕೆಳಗಿಳಿಸಲಿಲ್ಲ.

ಮಾವನವರು ನಿನಗೆ ಬರೆದೇ ಬರೆಯುತ್ತಾರೆ. ಅವರೇ ಕೊಟ್ಟರೆಂದು ಬರೆದಿರುತ್ತಾರೆ. ಯಾರೂ ಕೊಡಲಿಲ್ಲ. ನಾನು ಎತ್ತಿ ತಂದೆ.

ಶಿವಗಂಗಮ್ಮ

—

ಚನ್ನರಾಯಪಟ್ಟಣ
೬ ಜೂನ್ ೧೯೩೭

ಪೂಜ್ಯ ಅಪ್ಪಾಜಿಯವರಿಗೆ ನೀಲಾಂಬಿಕೆಯ ಶರಣು.

ತರಬೇತಿ ಮುಗಿಸಿ ಬಂದೆ. ಶಾಂತಳನ್ನು ಶುಕ್ರವಾರ ಸ್ಕೂಲಿಗೆ ಸೇರಿಸಿದೆವು. ಅವಳ ಕೆಮ್ಮು ಪೂರಾ ಹೋಗಿದೆ. ಅಮ್ಮನಿಗೆ ಹೇಳಿ, ಅವರು ಕಳಿಸಿದ ಹುರಿಹಿಟ್ಟು ಎರಡೇ ದಿನಕ್ಕೆ ಖಾಲಿಯಾಯಿತು.

ನಿಮ್ಮ ಕಾಗದ ಓದಿದೆ, ಅತ್ತಿಗೆಯದೂ ಓದಿದೆ. ನೀವು ಕೊಟ್ಟೆ ಎನ್ನುತ್ತೀರಿ, ಅವರು ಎತ್ತಿ ತಂದೆ ಎನ್ನುತ್ತಾರೆ. ಯಾರದು ದಿಟ ಎಂದು ನಾನು ಕೇಳುವುದಿಲ್ಲ. ಸಾಕ್ಷಿ ಕೇಳುವ ಕೆಲಸ ಬಿಟ್ಟಿದ್ದೇನೆ, ಬೈಗುಳ ತಿಂದು ಬಿಟ್ಟೆ. ನಿಮಗೆ ಏನು ಬೇಕಿತ್ತು ಎಂಬುದು ಮಾತ್ರ ನಿಮ್ಮ ಕಾಗದದಲ್ಲಿ ಚೆನ್ನಾಗಿ ಕಾಣುತ್ತದೆ. ಸೊಸೆ ಒಳಗೆ ಬರಲಿ ಎಂದು ನೀವು ಬೀದಿಗೆ ಎದುರಾಗಿ ನಿಂತಿರಿ. ಅದನ್ನು ಓದಿ ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದಿಲ್ಲ. ಅವರು ಬರಲಿಲ್ಲ ಎಂಬುದಕ್ಕೆ ಇನ್ನೂ ಹೆಚ್ಚು ಹೆಮ್ಮೆ. ಅದನ್ನೂ ಮುಚ್ಚಿಡುವುದಿಲ್ಲ. ನಿಮಗೆ ಮೊಮ್ಮಗಳನ್ನು ನೋಡಬೇಕೆನಿಸಿದರೆ ಬಸ್ಸಿದೆ, ಬನ್ನಿ. ನಮ್ಮ ಹೊಸ್ತಿಲ ಮೇಲೆ ಏನೂ ಇಟ್ಟಿರುವುದಿಲ್ಲ. ಯಾವ ಕಾಲಾದರೂ ಇಡಿ.

ಸ್ಕೂಲಿಗೆ ಸೇರಿಸಿದ ದಿನದ ಸುದ್ದಿಯೊಂದನ್ನು ಬರೆದು ಮುಗಿಸುತ್ತೇನೆ. ಹೆಡ್‌ಮಾಸ್ಟರು ಬಹಳ ಸೌಮ್ಯ, ವಯಸ್ಸಾದವರು. ಮಗುವನ್ನು ಮೇಜಿನ ಎದುರಿಗೆ ನಿಲ್ಲಿಸಿಕೊಂಡು, “ಅರಕಲಗೂಡಿನಿಂದ ಬಂದಿದೀಯಂತೆ. ತಾತ ಕಳಿಸಿದ್ರಾ, ಅಮ್ಮ ಕರ್ಕೊಂಡು ಬಂದ್ರಾ?” ಎಂದು ಕೇಳಿದರು. ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ಅತ್ತಿಗೆ. ಇಬ್ಬರೂ 'ಅಮ್ಮ' ಎನ್ನುತ್ತಾಳೆ ಎಂದೇ ಕಾದೆವು.

ಅವಳು ನಮ್ಮಿಬ್ಬರನ್ನೂ ನೋಡಲಿಲ್ಲ. ಹಲ್ಲಿಲ್ಲದ ಬಾಯಿ ಅಗಲ ಮಾಡಿ ಹೇಳಿದಳು:

“ತಾತ ಕೈ ಬಿಡ್ಲೇ ಇಲ್ಲ. ಅಮ್ಮ ಒಳಕ್ಕೆ ಬರ್ಲೇ ಇಲ್ಲ. ಅದಕ್ಕೆ ನಾನೇ ಬಂದೆ.”

ನಿಮ್ಮ ಮಗಳು
ನೀಲಾಂಬಿಕೆ